ಇಲಿನಾಯ್‌ನಲ್ಲಿ ರೈಲಲ್ಲಿ ಸುತ್ತೋದಾದ್ರೆ ಯಾವ ಲೈನ್ ಹಿಡೀಬೇಕು?

ಅಮೆರಿಕದಲ್ಲಿ ಕಾರಿಲ್ದೆ ಏನೂ ನಡೆಯಲ್ಲ, ರೈಲಂತೂ ಹೆಸರಿಗಷ್ಟೇ ಅಂತ ಊರಿಗೆ ಫೋನ್ ಮಾಡಿದಾಗ ನಾವೆಲ್ಲ ಹೇಳ್ತೀವಲ್ಲ, ಬೇರೆ ಎಷ್ಟೋ ಸ್ಟೇಟುಗಳ ಮಟ್ಟಿಗೆ ಅದು ಮುಕ್ಕಾಲು ನಿಜ, ಆದ್ರೆ ಇಲಿನಾಯ್ ಸ್ವಲ್ಪ ಪುಣ್ಯ ಮಾಡಿದೆ. ಶಿಕಾಗೋ ಮೊದಲಿಂದ್ಲೂ ದೇಶದ ದೊಡ್ಡ ರೈಲ್ವೆ ಜಂಕ್ಷನ್ನು, ಅದರ ಮೇಲೆ ರಾಜ್ಯ ಸರ್ಕಾರ ತನ್ನ ಕೈಯಿಂದ ದುಡ್ಡು ಹಾಕಿ ಆಮ್‌ಟ್ರ್ಯಾಕ್ ಅನ್ನೋ ದೇಶದ ಪ್ಯಾಸೆಂಜರ್ ರೈಲು ಕಂಪನಿ ಹತ್ರ ಗಾಡಿ ಓಡಿಸುತ್ತೆ, 2006ರಲ್ಲಿ ಆ ಗಾಡಿಗಳು ಹೆಚ್ಚುಕಮ್ಮಿ ಡಬಲ್ ಆದ್ವು. ಹಾಗಾಗಿ ಅಪ್ಪ ಅಮ್ಮ ಬಂದಿದಾರೆ, ಅಥವಾ ಓದೋಕೆ ಬಂದು ಇನ್ನೂ ಲೈಸೆನ್ಸ್ ಆಗಿಲ್ಲ, ಅಥವಾ ಹೈವೇಲಿ ಡ್ರೈವ್ ಮಾಡಿ ಮಾಡಿ ಸಾಕಾಗಿದೆ ಅನ್ನೋರಿಗೆ ಇಲ್ಲಿ ನಿಜವಾಗ್ಲೂ ಆಯ್ಕೆ ಇದೆ.

ಮೊದಲು ಮ್ಯಾಪ್ ನೋಡ್ಕೊಳ್ಳಿ. ಎಲ್ಲಾ ಗಾಡಿಗಳೂ ಶಿಕಾಗೋ ಯೂನಿಯನ್ ಸ್ಟೇಷನ್ನಿಂದ ಸೈಕಲ್ ಚಕ್ರದ ಕಡ್ಡಿಗಳ ಥರ ಹೊರಗೆ ಚಾಚ್ಕೊಂಡಿವೆ, ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದಾಟೋಕೆ ದಾರೀನೇ ಇಲ್ಲ. ಶಾಂಪೇನ್‌ನಿಂದ ಸ್ಪ್ರಿಂಗ್‌ಫೀಲ್ಡ್‌ಗೆ ಕಾರಲ್ಲಿ ಒಂದೂವರೆ ಗಂಟೆ ಸಾಕು, ಅದನ್ನೇ ರೈಲಲ್ಲಿ ಹೋಗ್ತೀನಿ ಅಂದ್ರೆ ಶಿಕಾಗೋವರೆಗೆ ಮೇಲೆ ಹತ್ತಿ ಮತ್ತೆ ಕೆಳಗಿಳೀಬೇಕು, ಒಂದು ದಿನ ಪೂರ್ತಿ ಹೋಯ್ತು. ಅದಕ್ಕೇ "ಒಂದು ವಾರದಲ್ಲಿ ಇಡೀ ರಾಜ್ಯ ರೈಲಲ್ಲಿ" ಅನ್ನೋ ಪ್ಲಾನ್ ಬಿಟ್ಬಿಡಿ. ಒಂದು ಲೈನ್ ಹಿಡೀರಿ, ಹೋಗಿ, ಅದೇ ಲೈನಲ್ಲಿ ವಾಪಸ್ ಬನ್ನಿ. ಇನ್ನೊಂದು ವೀಕೆಂಡಿಗೆ ಇನ್ನೊಂದು ಲೈನ್.

ಯಾವ ಲೈನ್ ಅನ್ನೋದನ್ನ ಸ್ಪೀಡ್ ನೋಡಿ ತೀರ್ಮಾನ ಮಾಡ್ಬೇಡಿ ಅನ್ನೋದು ನನ್ನ ವಾದ. ನೋಡ್ಬೇಕಾಗಿರೋದು ಎರಡೇ: ಇಳಿದ ಮೇಲೆ ಕಾಲ್ನಡಿಗೇಲಿ ಏನು ಸಿಗುತ್ತೆ, ಸಂಜೆ ವಾಪಸ್ ಗಾಡಿ ಇದ್ಯಾ. ಸ್ಟೇಷನ್ನು ಊರಾಚೆ ಇದ್ರೆ, ಊಬರ್ ಬರೋಕೆ ಅರ್ಧ ಗಂಟೆ ಅಂದ್ರೆ, ಗಾಡಿ ಎಷ್ಟೇ ಜೋರಾಗಿ ಓಡಿದ್ರೂ ಏನುಪಯೋಗ.

ಸೇಂಟ್ ಲೂಯಿಸ್ ಕಡೆ: ಲಿಂಕನ್ ಸರ್ವಿಸ್

ಮೊದಲ ಸಲ ಹೋಗೋರಿಗೆ ನಾನು ಕಣ್ಣುಮುಚ್ಚಿ ಹೇಳೋದು ಇದನ್ನೇ. ಶಿಕಾಗೋದಿಂದ ಸೇಂಟ್ ಲೂಯಿಸ್‌ಗೆ 284 ಮೈಲಿ, ದಿನಕ್ಕೆ ನಾಲ್ಕು ಲಿಂಕನ್ ಸರ್ವಿಸ್ ಗಾಡಿ, ಜೊತೆಗೆ ದೂರದ ಟೆಕ್ಸಸ್ ಈಗಲ್ ಒಂದು. ಬೆಳಿಗ್ಗೇದು ತಪ್ಪಿದ್ರೆ ಇನ್ನೊಂದಿದೆ ಅನ್ನೋ ಧೈರ್ಯ ರಾಜ್ಯದಲ್ಲಿ ಬೇರೆ ಯಾವ ಉದ್ದದ ಲೈನಲ್ಲೂ ಇಷ್ಟಿಲ್ಲ. 2023ರ ಜೂನ್ ಕೊನೇ ವಾರದಿಂದ ಇಲ್ಲಿ ಗಂಟೆಗೆ 110 ಮೈಲಿ ವೇಗದಲ್ಲಿ ಓಡಿಸ್ತಿದಾರೆ, ಅಂದ್ರೆ ಸುಮಾರು 177 ಕಿಲೋಮೀಟರ್. ತಮಾಷೆ ಅಂದ್ರೆ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾಗಿದ್ದೂ ಅದೇ ವಾರ, ದೂರಾನೂ ಹೆಚ್ಚುಕಮ್ಮಿ ಅಷ್ಟೇ. ಇಲ್ಲಿ ಐದು ಗಂಟೆ ಆಸುಪಾಸು ಹಿಡಿಯುತ್ತೆ. ಆದ್ರೆ ಆ 110 ಅನ್ನೋದು ಎಲ್ಲಾ ಕಡೆ ಅಲ್ಲ, ಶಿಕಾಗೋ ಬಿಟ್ಟು ಜೋಲಿಯೆಟ್ ದಾಟೋವರೆಗೂ ಗಾಡಿ ಗೂಡ್ಸ್ ಯಾರ್ಡುಗಳ ಮಧ್ಯೆ ನುಸುಳ್ಕೊಂಡು ಹೋಗುತ್ತೆ, "ಇದೇನಾ ಹೈ ಸ್ಪೀಡು" ಅಂತ ಅಪ್ಪ ಕೇಳೇ ಕೇಳ್ತಾರೆ, ಆಮೇಲೆ ಜೋಳದ ಹೊಲ ಶುರುವಾದ ಮೇಲೆ ಪಕ್ಕದ ಐ-55 ಹೈವೇಲಿ ಹೋಗೋ ಕಾರುಗಳನ್ನೆಲ್ಲ ಹಿಂದಕ್ಕೆ ಹಾಕೋದು ನೋಡಿ ಅವರೇ ಸುಮ್ನಾಗ್ತಾರೆ.

ಈ ಲೈನಿನ ಒಳ್ಳೇತನ ಇರೋದು ಮಧ್ಯದ ಊರುಗಳಲ್ಲಿ. ಪಾಂಟಿಯಾಕ್ ಸಣ್ಣ ಊರು, ರೂಟ್ 66 ಅನ್ನೋ ಹೆಸರಾಂತ ಹಳೇ ಹೈವೇ ಇದೇ ಹಾದೀಲಿ ಬರುತ್ತೆ, ಅದರ ಮ್ಯೂಸಿಯಂ ಸ್ಟೇಷನ್ನಿಂದ ನಡೆದೇ ಹೋಗೋ ದೂರ, ಗೋಡೆಗೋಡೆಗೂ ಮ್ಯೂರಲ್ಲು. ಅರ್ಧ ದಿನ ಸಾಕು, ಅದಕ್ಕಿಂತ ಜಾಸ್ತಿ ಕೂತ್ರೆ ಬೋರಾಗುತ್ತೆ. ಬ್ಲೂಮಿಂಗ್ಟನ್-ನಾರ್ಮಲ್ ಬಗ್ಗೆ ನಮ್ಮವರಿಗೆ ಹೇಳೋದೇ ಬೇಡ, ಸ್ಟೇಟ್ ಫಾರ್ಮ್ ಅನ್ನೋ ಇನ್ಶೂರೆನ್ಸ್ ಕಂಪನಿ ಇರೋದ್ರಿಂದ ಐಟಿಯವರು ತುಂಬಾ ಜನ ಅಲ್ಲಿದಾರೆ, ಯಾರಾದ್ರೂ ಪರಿಚಯದವರು ಸಿಕ್ಕೇ ಸಿಗ್ತಾರೆ. ಅಲ್ಲಿನ ಸ್ಟೇಷನ್ನು 2012ರಲ್ಲಿ ಹೊಸದಾಗಿ ಕಟ್ಟಿದ್ದು, ಇಳಿದು ಹೊರಗೆ ಬಂದ್ರೆ ಎದುರಿಗೇ ಅಪ್‌ಟೌನ್ ಸರ್ಕಲ್ಲು, ಕಾಫಿ ಅಂಗಡಿ, ಹೋಟ್ಲು, ಹಿಂದೇನೇ ಇಲಿನಾಯ್ ಸ್ಟೇಟ್ ಯೂನಿವರ್ಸಿಟಿ. ಹಳೇ ರೈಲ್ವೆ ಲೈನ್ ಕಿತ್ತು ಮಾಡಿರೋ ಕಾನ್ಸ್ಟಿಟ್ಯೂಷನ್ ಟ್ರೇಲ್ ಅಂತ ವಾಕಿಂಗ್ ದಾರಿ ಬೇರೆ ಇದೆ. ಇನ್ನೊಂದು ವಿಷ್ಯ, ಪುಲ್ಮನ್ ಅನ್ನೋನು ಮಲಗೋ ಬೋಗಿ ಮಾಡಿ ಮೊದಲು ಓಡಿಸಿದ್ದು 1859ರಲ್ಲಿ, ಇದೇ ಬ್ಲೂಮಿಂಗ್ಟನ್‌ನಿಂದ ಶಿಕಾಗೋಗೆ. ನಾವು ಸ್ಲೀಪರ್ ಕ್ಲಾಸ್ ಅಂತ ಹತ್ತಿ ಮಲಗೋ ಅಭ್ಯಾಸದ ಹಿಂದೆ ಈ ಲೈನಿನ ಪಾಲೂ ಇದೆ.

ಸ್ಪ್ರಿಂಗ್‌ಫೀಲ್ಡ್‌ಗೆ ಮಾತ್ರ ಒಂದು ಪೂರ್ತಿ ದಿನ ಕೊಡಿ. ಬೆಳಿಗ್ಗೆ ಏಳರ ಸುಮಾರಿಗೆ ಶಿಕಾಗೋ ಬಿಟ್ರೆ ಹತ್ತೂವರೆ ಒಳಗೆ ಅಲ್ಲಿರ್ತೀರ, ಸಂಜೆ ವಾಪಸ್ ಗಾಡಿ ಇದೆ. ಲಿಂಕನ್ ಮನೆ ನಡೆದು ಹೋಗೋ ದೂರದಲ್ಲೇ ಇದೆ, ನ್ಯಾಷನಲ್ ಪಾರ್ಕ್ ಸರ್ವಿಸ್‌ನೋರು ನೋಡ್ಕೊಳ್ತಾರೆ, ಒಳಗೆ ಹೋಗೋಕೆ ಕಾಸಿಲ್ಲ, ವಿಸಿಟರ್ ಸೆಂಟರಲ್ಲಿ ಟೂರ್ ಟಿಕೆಟ್ ತಗೊಂಡು ರೇಂಜರ್ ಹಿಂದೆ ಹೋಗ್ಬೇಕು ಅಷ್ಟೇ. ಲಿಂಕನ್ ಜೀವಮಾನದಲ್ಲಿ ಸ್ವಂತ ಅಂತ ಇಟ್ಕೊಂಡಿದ್ದ ಮನೆ ಅದೊಂದೇ. ಆಮೇಲೆ ಮ್ಯೂಸಿಯಂ, ಅದಕ್ಕೆ ಟಿಕೆಟ್ ಇದೆ, ಆದ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಸಮಾಧಿ ಇರೋ ಓಕ್ ರಿಡ್ಜ್ ಸ್ವಲ್ಪ ದೂರ, ಅಲ್ಲಿಗೆ ಮಾತ್ರ ಕ್ಯಾಬ್ ಮಾಡ್ಕೊಳ್ಳಿ. 1861ರ ಫೆಬ್ರವರಿಲಿ ಲಿಂಕನ್ ಅಧ್ಯಕ್ಷರಾಗೋಕೆ ಹೊರಟಿದ್ದೂ ರೈಲಲ್ಲೇ, ಊರವರಿಗೆ ಕೈಮುಗಿದು ಮಾತಾಡಿದ ಆ ಹಳೇ ಡಿಪೋ ಇನ್ನೂ ಊರಲ್ಲಿದೆ. 1865ರ ಮೇ ತಿಂಗಳಲ್ಲಿ ಅವರ ಶವ ತಂದ ಗಾಡಿ ಶಿಕಾಗೋದಿಂದ ಬಂದಿದ್ದು ಈಗ ನೀವು ಕೂತು ಹೋಗೋ ಇದೇ ಜೋಲಿಯೆಟ್, ಬ್ಲೂಮಿಂಗ್ಟನ್ ದಾರೀಲಿ. ಇದು ಗೊತ್ತಿದ್ದು ಕಿಟಕಿ ಪಕ್ಕ ಕೂತ್ರೆ ಜೋಳದ ಹೊಲಾನೂ ಬೇರೆ ಥರ ಕಾಣುತ್ತೆ.

ಆಲ್ಟನ್‌ನಲ್ಲಿ ಇಳೀಬಹುದಾ ಅಂತ ಕೇಳ್ತಾರೆ. ಊರು ಚೆನ್ನಾಗಿದೆ, ಮಿಸಿಸಿಪ್ಪಿ ದಡ, 1858ರ ಸೆನೆಟ್ ಚುನಾವಣೇಲಿ ಲಿಂಕನ್ ಮತ್ತು ಎದುರಾಳಿ ಡಗ್ಲಸ್ ನಡೆಸಿದ ಚರ್ಚೆಗಳ ಕೊನೇದು ನಡೆದ ಜಾಗ. ಆದ್ರೆ 2017ರಲ್ಲಿ ಸ್ಟೇಷನ್ನನ್ನ ಹೊಸ ಜಾಗಕ್ಕೆ ಹಾಕಿದಾರೆ, ನದಿ ದಡದ ಹಳೇ ಪೇಟೆಗೆ ಅಲ್ಲಿಂದ ನಡೆಯೋ ದೂರ ಅಲ್ಲ. ಅದರ ಬದಲು ಸೇಂಟ್ ಲೂಯಿಸ್‌ವರೆಗೆ ಹೋಗ್ಬಿಡಿ, ಮಿಸಿಸಿಪ್ಪಿ ಸೇತುವೆ ದಾಟೋದೇ ಒಂದು ಖುಷಿ. ಅದು ಮಿಸ್ಸೂರಿ, ಇಲಿನಾಯ್ ಅಲ್ಲ ಅಂತ ತಕರಾರು ತೆಗೆಯೋರು ಅಲ್ಲೇ ಇಳ್ಕೊಳ್ಳಿ.

ಶಾಂಪೇನ್, ಕಾರ್ಬನ್‌ಡೇಲ್ ಕಡೆ: ಇಲಿನೈ ಮತ್ತು ಸಲೂಕಿ

ಇದು ಸ್ಟೂಡೆಂಟ್ ಲೈನ್. ಬೆಳಿಗ್ಗೆ ಸಲೂಕಿ, ಸಂಜೆ ಇಲಿನೈ, ರಾತ್ರಿ ನ್ಯೂ ಆರ್ಲಿಯನ್ಸ್‌ಗೆ ಹೋಗೋ ದೂರದ ಗಾಡಿ, ಒಟ್ಟು ಮೂರು. ಯುಐಯುಸಿಗೆ (ಅಲ್ಲಿನ ಇಲಿನಾಯ್ ಯೂನಿವರ್ಸಿಟಿಗೆ) ಮಕ್ಕಳನ್ನ ಬಿಡೋಕೆ, ನೋಡೋಕೆ ಹೋಗೋರಿಗೆ ಶಾಂಪೇನ್ ಸ್ಟೇಷನ್ ತುಂಬಾ ಅನುಕೂಲ, ಊರ ಮಧ್ಯದಲ್ಲೇ ಇದೆ, ಸಿಟಿ ಬಸ್ಸುಗಳೆಲ್ಲ ಅದೇ ಕಟ್ಟಡಕ್ಕೆ ಬರ್ತವೆ, ಕ್ಯಾಂಪಸ್ಸಿಗೆ ಬಸ್ ಹತ್ತಿದ್ರೆ ಆಯ್ತು.

ತೊಂದರೆ ಇರೋದು ಹಳೀಲಿ. ಈ ಹಳಿ ಕೆನೇಡಿಯನ್ ನ್ಯಾಷನಲ್ ಅನ್ನೋ ಗೂಡ್ಸ್ ಕಂಪನೀದು, ಆಮ್‌ಟ್ರ್ಯಾಕ್ ಇಲ್ಲಿ ಬಾಡಿಗೆದಾರ. ಪ್ಯಾಸೆಂಜರ್ ಗಾಡಿಗೇ ಮೊದಲು ದಾರಿ ಬಿಡ್ಬೇಕು ಅಂತ ಫೆಡರಲ್ ಕಾನೂನೇನೋ ಇದೆ, ಆದ್ರೆ ಮೈಲಿಗಟ್ಟಲೆ ಉದ್ದದ ಗೂಡ್ಸು ಎದುರಿಗೆ ಬಂದು, ಅದು ಪಕ್ಕದ ಲೂಪ್‌ಲೈನಲ್ಲಿ ಹಿಡಿಸದೇ ಇದ್ರೆ ಯಾರು ಪಕ್ಕಕ್ಕೆ ನಿಲ್ತಾರೆ ನೀವೇ ಯೋಚ್ನೆ ಮಾಡಿ. ಇನ್ನೊಂದು ವಿಚಿತ್ರ, ಹಗುರ ಗಾಡಿ ಬಂದ್ರೆ ರಸ್ತೆ ಕ್ರಾಸಿಂಗಿನ ಗೇಟು ಬೀಳಿಸೋ ಸಿಗ್ನಲ್ ಸರಿಯಾಗಿ ಗುರುತು ಹಿಡಿಯಲ್ಲ ಅಂತ ಈ ಹಳೀಲಿ ಗಾಡಿಗೆ ಕನಿಷ್ಠ ಇಷ್ಟು ಆಕ್ಸಲ್ (ಚಕ್ರದ ಅಚ್ಚು) ಇರ್ಬೇಕು ಅಂತ ರೂಲ್ಸ್ ಮಾಡಿದ್ರು, 32 ಆಕ್ಸಲ್ಲು. ಅದಕ್ಕೇ ಜನ ಕಮ್ಮಿ ಇದ್ರೂ ಇಲ್ಲಿ ವರ್ಷಗಟ್ಟಲೆ ಉದ್ದದ ಗಾಡೀನೇ ಓಡಿಸ್ತಾ ಬಂದ್ರು. ನಮಗೇನು, ಎರಡು ಸೀಟಲ್ಲಿ ಕಾಲು ಚಾಚ್ಕೊಂಡು ಕೂರಬಹುದು.

ಶಾಂಪೇನ್‌ನಲ್ಲಿರೋರು ಒಂದು ದಿನಕ್ಕೆ ಶಿಕಾಗೋ ನೋಡಿ ಬರೋಕೆ ಬೆಳಿಗ್ಗೆ ಆರರ ಸುಮಾರಿಗೆ ಬರೋ ನ್ಯೂ ಆರ್ಲಿಯನ್ಸ್ ಗಾಡಿ ಹಿಡಿದು ರಾತ್ರಿ ಎಂಟರದ್ದಕ್ಕೆ ವಾಪಸ್ ಬರಬಹುದು, ಟೈಮ್‌ಟೇಬಲಲ್ಲಿ ಚೆನ್ನಾಗಿ ಕೂರುತ್ತೆ. ಆದ್ರೆ ಅದು ರಾತ್ರಿಯಿಡೀ ಓಡಿ ಬರೋ ಗಾಡಿ, ಹಿಂದಿನ ರಾತ್ರಿ ಎಲ್ಲಿ ಸಿಕ್ಕಾಕ್ಕೊಂಡಿತ್ತೋ ಅದರ ಮೇಲೆ ನಿಮ್ಮ ಬೆಳಿಗ್ಗೆ. ಮೊಬೈಲಲ್ಲಿ ಸ್ಟೇಟಸ್ ನೋಡಿದ ಮೇಲೇ ಮನೆ ಬಿಡಿ.

ಇಂಡಿಯಾಗೆ ಫ್ಲೈಟ್ ಹಿಡಿಯೋ ವಿದ್ಯಾರ್ಥಿಗಳು ಮಾತ್ರ ಈ ರೈಲನ್ನ ನಂಬ್ಕೊಂಡು ಹೋಗ್ಬೇಡಿ ಅಂತ ನಾನು ಹೇಳೋದು. ರೈಲು ಬಿಡೋದು ಯೂನಿಯನ್ ಸ್ಟೇಷನ್ನಿಗೆ, ಓಹೇರ್ ಏರ್‌ಪೋರ್ಟಿಗಲ್ಲ. ಅಲ್ಲಿಂದ ಎರಡು ಬ್ಲಾಕ್ ದಕ್ಷಿಣಕ್ಕೆ ಕ್ಲಿಂಟನ್ ಸ್ಟೇಷನ್ನಿಗೆ ಸೂಟ್‌ಕೇಸ್ ಎಳ್ಕೊಂಡು ಹೋಗಿ ಬ್ಲೂ ಲೈನ್ ಹತ್ತಿ ಮುಕ್ಕಾಲು ಗಂಟೆ ಮೇಲೆ ಕೂರ್ಬೇಕು, 23 ಕೇಜಿ ಪೆಟ್ಟಿಗೆ ಎರಡಿದ್ರೆ ಆ ಎರಡು ಬ್ಲಾಕೇ ಎರಡು ಮೈಲಿ ಅನ್ನಿಸುತ್ತೆ, ಜನವರಿಲಂತೂ ಕೇಳ್ಬೇಡಿ. ಕ್ಯಾಂಪಸ್ಸಿಂದ ಸೀದಾ ಓಹೇರ್‌ಗೆ ಹೋಗೋ ಬಸ್ಸುಗಳಿವೆ, ಅದನ್ನೇ ಹಿಡೀರಿ. ಸುಮ್ನೆ ವೀಕೆಂಡಿಗೆ ಬ್ಯಾಕ್‌ಪ್ಯಾಕ್ ಹಾಕ್ಕೊಂಡು ಹೋಗೋಕೆ ರೈಲು ಬೆಸ್ಟು.

ಕಾರ್ಬನ್‌ಡೇಲ್‌ವರೆಗೆ ಹೋಗೋದು ಐದೂವರೆ ಗಂಟೆ. ರಾಜ್ಯದ ದಕ್ಷಿಣ ತುದಿ, ಅಲ್ಲಿ ಇಲಿನಾಯ್ ಅನ್ನೋದೇ ಮರೆತುಹೋಗುತ್ತೆ, ಗುಡ್ಡ ಕಾಡು ಬಂಡೆ ಎಲ್ಲಾ ಇದೆ, ಶಾನೀ ನ್ಯಾಷನಲ್ ಫಾರೆಸ್ಟ್ ಇರೋದೇ ಆ ಕಡೆ. 2017 ಮತ್ತು 2024, ಎರಡೂ ಪೂರ್ಣ ಸೂರ್ಯಗ್ರಹಣ ಕಂಡ ಊರದು. ಆದ್ರೆ ನನ್ನ ಮೊದಲ ಪ್ರಶ್ನೆ ಇಲ್ಲಿ ಅಡ್ಡ ಬರುತ್ತೆ: ಇಳಿದ ಮೇಲೆ? ಕಾಡು, ಬಂಡೆ ಎಲ್ಲಾ ಕಾರಿದ್ರೆ ಮಾತ್ರ. ಅಲ್ಲಿ ಬಾಡಿಗೆ ಕಾರು ಮೊದಲೇ ಬುಕ್ ಮಾಡಿದ್ರೆ ಹೋಗಿ, ಇಲ್ಲಾಂದ್ರೆ ಬೇಡ.

ಕ್ವಿನ್ಸಿ ಕಡೆ: ಯಾರೂ ಹೇಳದ ಲೈನು

ನನಗೆ ಇಷ್ಟ ಇದು. ದಿನಕ್ಕೆ ಎರಡೇ ಗಾಡಿ, ಬೆಳಿಗ್ಗೆ ಕಾರ್ಲ್ ಸ್ಯಾಂಡ್‌ಬರ್ಗ್, ಸಂಜೆ ಇಲಿನಾಯ್ ಜೆಫರ್. 258 ಮೈಲಿ, ನಾಲ್ಕೂವರೆ ಗಂಟೆ ಆಸುಪಾಸು. ನೇಪರ್‌ವಿಲ್‌ನಲ್ಲೇ ನಿಲ್ಲುತ್ತೆ, ಆ ಕಡೆ ಇರೋ ನಮ್ಮವರು ಯೂನಿಯನ್ ಸ್ಟೇಷನ್‌ವರೆಗೆ ಹೋಗೋ ಕರ್ಮಾನೇ ಇಲ್ಲ.

ಕೊನೇ ಸ್ಟಾಪ್ ಕ್ವಿನ್ಸಿ ಮಿಸಿಸಿಪ್ಪಿ ಮೇಲಿದೆ ಅಂತ ಆಸೆ ಪಟ್ಕೊಂಡು ಟಿಕೆಟ್ ತಗೋಬೇಡಿ, ಸ್ಟೇಷನ್ನಿರೋದು ಊರಿನ ಇನ್ನೊಂದು ಅಂಚಲ್ಲಿ, ನದಿ ನೋಡೋಕೆ ಕ್ಯಾಬ್ ಬೇಕು. ಇಳೀಬೇಕಾಗಿರೋದು ಗೇಲ್ಸ್‌ಬರ್ಗ್‌ನಲ್ಲಿ. ಬೆಳಿಗ್ಗೆ ಹೊರಟ್ರೆ ಎರಡೂವರೆ ಮೂರು ಗಂಟೇಲಿ ಅಲ್ಲಿ, ಸಂಜೆ ಏಳರ ಸುಮಾರಿಗೆ ವಾಪಸ್ ಗಾಡಿ, ಮಧ್ಯೆ ಇಡೀ ದಿನ ನಿಮ್ದು. ಸ್ಟೇಷನ್ ಪಕ್ಕದಲ್ಲೇ ರೈಲ್ವೆ ಮ್ಯೂಸಿಯಂ, ಹೊರಗೆ ದೊಡ್ಡ ಕರೀ ಸ್ಟೀಮ್ ಎಂಜಿನ್ನು, ಅದರ ಚಕ್ರದ ಮುಂದೆ ನಿಂತ್ರೆ ಎತ್ತರದ ಆಳೂ ಕುಳ್ಳಗೆ ಕಾಣ್ತಾನೆ, ಮಕ್ಕಳನ್ನ ಅಲ್ಲಿಂದ ಎಬ್ಬಿಸ್ಕೊಂಡು ಬರೋದು ಕಷ್ಟ. ಸೆಮಿನರಿ ಸ್ಟ್ರೀಟಲ್ಲಿ ಇಟ್ಟಿಗೆ ಹಾಸಿದ ರಸ್ತೆ, ಬೇಕರಿ, ಹಳೇ ಸಾಮಾನಿನ ಅಂಗಡಿಗಳು. ಗಾಡಿಗೆ ಹೆಸರು ಕೊಟ್ಟ ಕವಿ ಸ್ಯಾಂಡ್‌ಬರ್ಗ್ ಹುಟ್ಟಿದ ಪುಟ್ಟ ಮನೇನೂ ನಡೆಯೋ ದೂರ. ನಾಕ್ಸ್ ಕಾಲೇಜಿನ ಓಲ್ಡ್ ಮೇನ್ ಕಟ್ಟಡದ ಎದುರಿಗೆ 1858ರಲ್ಲಿ ಲಿಂಕನ್–ಡಗ್ಲಸ್ ಚರ್ಚೆ ನಡೀತು, ವೇದಿಕೆ ಹತ್ತೋಕೆ ಲಿಂಕನ್ ಕಿಟಕಿಯಿಂದ ತೂರ್ಕೊಂಡು ಬಂದು "ಅಂತೂ ಕಾಲೇಜು ದಾಟಿಬಿಟ್ಟೆ" ಅಂದ್ರು ಅಂತ ಕತೆ ಹೇಳ್ತಾರೆ, ಕಾಲೇಜಿನ ಮುಖಾನೇ ನೋಡದ ಮನುಷ್ಯ ಆತ.

ಗೇಲ್ಸ್‌ಬರ್ಗ್‌ಗೆ ಇನ್ನೊಂದು ಉಪಾಯ ಇದೆ. ಕ್ಯಾಲಿಫೋರ್ನಿಯಾ ಕಡೆ ಹೋಗೋ ಎರಡು ದೂರದ ಗಾಡಿಗಳು, ಕ್ಯಾಲಿಫೋರ್ನಿಯಾ ಜೆಫರ್ ಮತ್ತು ಸೌತ್‌ವೆಸ್ಟ್ ಚೀಫ್, ಎರಡೂ ಮಧ್ಯಾಹ್ನ ಶಿಕಾಗೋ ಬಿಟ್ಟು ಗೇಲ್ಸ್‌ಬರ್ಗ್‌ನಲ್ಲಿ ನಿಲ್ತವೆ. ಎರಡಂತಸ್ತಿನ ಬೋಗಿ, ಛಾವಣಿವರೆಗೂ ಗಾಜಿರೋ ಲೌಂಜ್ ಕಾರು. ಎರಡು ದಿನ ಕೂತು ಕ್ಯಾಲಿಫೋರ್ನಿಯಾಗೆ ಹೋಗೋ ಪುರುಸೊತ್ತಿಲ್ಲ, ಆದ್ರೆ ಆ ಗಾಡಿ ರುಚಿ ನೋಡ್ಬೇಕು ಅನ್ನೋರಿಗೆ ಎರಡೂಮುಕ್ಕಾಲು ಗಂಟೆ ಹದವಾಗಿರುತ್ತೆ. ರಾತ್ರಿ ಅಲ್ಲೇ ಉಳಿದು ಮಾರನೇ ದಿನ ಬನ್ನಿ. ವಾಪಸ್ಸಿಗೆ ಮಾತ್ರ ಇವನ್ನ ನೆಚ್ಕೋಬೇಡಿ, ಅಷ್ಟು ದೂರದಿಂದ ಬರೋ ಗಾಡಿ ಲೇಟಾಗೋದು ಮಾಮೂಲು, ಬರೋಕೆ ಸ್ಯಾಂಡ್‌ಬರ್ಗ್ ಅಥವಾ ಇಲಿನಾಯ್ ಜೆಫರ್ ತಗೊಳ್ಳಿ.

ಮೆಟ್ರಾ ಸಾಕಾಗುತ್ತಾ?

ಕೆಲವರಿಗೆ ಅದೇ ಜಾಸ್ತಿ. ಇದು ನಮ್ಮ ಮೆಟ್ರೋ ಥರ ಅಲ್ಲ, ಶಿಕಾಗೋ ಸುತ್ತಮುತ್ತ ಓಡೋ ಲೋಕಲ್ ಟ್ರೈನು, 11 ಲೈನ್, ರಿಸರ್ವೇಷನ್ ತಲೆಬಿಸಿ ಇಲ್ಲ, ವೀಕೆಂಡ್ ಪಾಸ್ ತಗೊಂಡ್ರೆ ಎಷ್ಟು ಬೇಕಾದ್ರೂ ಸುತ್ತಿ. ಹಳೇ ಬೋಗಿಗಳಲ್ಲಿ ಮಹಡಿ ಮೇಲೆ ಒಬ್ಬೊಬ್ಬರೇ ಕೂರೋ ಸೀಟಿನ ಸಾಲು, ಮಧ್ಯ ಖಾಲಿ, ಕಂಡಕ್ಟರ್ ಕೆಳಗೇ ನಡ್ಕೊಂಡು ಬಂದು ಕತ್ತೆತ್ತಿ ಮೇಲಿನವರ ಟಿಕೆಟ್ಟೂ ನೋಡ್ತಾರೆ, ಮಕ್ಕಳಿಗೆ ಅದೇ ಮಜಾ. ದೇವಸ್ಥಾನಕ್ಕೆ ಹೋಗೋಕೆ ಆಗುತ್ತಾ ಅಂತ ಕೇಳೋರಿಗೆ: ಅರೋರಾ ಬಾಲಾಜಿಗೆ ಬಿಎನ್‌ಎಸ್‌ಎಫ್ ಲೈನಲ್ಲಿ ಕೊನೇ ಸ್ಟೇಷನ್ನಿಗೆ ಹೋಗಿ ಅಲ್ಲಿಂದ ಕ್ಯಾಬ್, ವೀಕೆಂಡಲ್ಲೂ ಗಾಡಿ ಇದೆ. ಲೆಮಾಂಟ್ ರಾಮ ದೇವಸ್ಥಾನದ ಊರಿಗೂ ಸ್ಟೇಷನ್ ಇದೆ ಆದ್ರೆ ಆ ಹೆರಿಟೇಜ್ ಕಾರಿಡಾರ್ ಲೈನು ವಾರದ ದಿನ ಆಫೀಸ್ ಹೋಗೋರಿಗಷ್ಟೇ, ಶನಿವಾರ ಭಾನುವಾರ ಗಾಡೀನೇ ಇಲ್ಲ, ಕಾರಿರೋ ಯಾರನ್ನಾದ್ರೂ ಹಿಡ್ಕೊಳ್ಳಿ. ರೈಲಿನ ಹುಚ್ಚಿರೋರು ಮೆಟ್ರಾ ಎಲೆಕ್ಟ್ರಿಕ್‌ನಲ್ಲಿ ಪುಲ್ಮನ್‌ಗೆ ಹೋಗ್ಬನ್ನಿ, ಬೋಗಿ ಮಾಡೋ ಕಾರ್ಖಾನೆಗೆ ಅಂತ್ಲೇ ಕಟ್ಟಿದ ಊರು, 1894ರ ದೊಡ್ಡ ಸ್ಟ್ರೈಕ್ ಶುರುವಾಗಿದ್ದು ಅಲ್ಲಿ, ಈಗ ನ್ಯಾಷನಲ್ ಪಾರ್ಕ್, ಪ್ರವೇಶ ಫ್ರೀ.

ಕಾರಿಗೂ ರೈಲಿಗೂ ಲೆಕ್ಕ ಹಾಕಿದ್ರೆ

ಒಬ್ಬರು ಇಬ್ಬರು ಅಂದ್ರೆ ರೈಲು, ನಾಲ್ಕು ಜನ ಅಂದ್ರೆ ಪೆಟ್ರೋಲೇ ಅಗ್ಗ, ಇದು ಒರಟು ಲೆಕ್ಕ. ಆದ್ರೆ ಶಿಕಾಗೋ ಡೌನ್‌ಟೌನಿಗೆ ಬರೋದಾದ್ರೆ ಪಾರ್ಕಿಂಗ್ ದುಡ್ಡೂ ಸೇರಿಸಿ ನೋಡಿ, ಲೆಕ್ಕ ತಿರುಗುತ್ತೆ. ಟಿಕೆಟ್ ರೇಟು ವಿಮಾನದ ಥರ ಏರುತ್ತೆ, ಸೀಟು ತುಂಬ್ತಾ ತುಂಬ್ತಾ ದುಬಾರಿ, ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನ ಶಾಂಪೇನ್ ಗಾಡೀಲಿ ಕೊನೇ ಕ್ಷಣಕ್ಕೆ ಸೀಟು ಹುಡುಕೋದು ದೀಪಾವಳಿಗೆ ಹುಬ್ಬಳ್ಳಿ ಬಸ್ಸಲ್ಲಿ ಹುಡುಕಿದ ಹಾಗೇನೇ. 2ರಿಂದ 12 ವರ್ಷದ ಮಕ್ಕಳಿಗೆ ಅರ್ಧ ಚಾರ್ಜು, 65 ದಾಟಿದವರಿಗೆ, ಸ್ಟೂಡೆಂಟ್ಸ್‌ಗೆ ರಿಯಾಯ್ತಿ ಇದೆ, ಬುಕ್ ಮಾಡುವಾಗ ನೀವೇ ಆರಿಸ್ಬೇಕು, ತಾನಾಗೇ ಬರಲ್ಲ.

ಹತ್ತೋ ರೀತಿ ಸ್ವಲ್ಪ ಬೇರೆ. ಯೂನಿಯನ್ ಸ್ಟೇಷನಲ್ಲಿ ಪ್ಲಾಟ್‌ಫಾರಂಗೆ ಸೀದಾ ನುಗ್ಗೋಕೆ ಬಿಡಲ್ಲ, ಗೇಟ್ ಹತ್ರ ಲೈನಲ್ಲಿ ನಿಲ್ಬೇಕು, ಅರ್ಧ ಗಂಟೆ ಮುಂಚೆ ಹೋಗಿ. ಸಣ್ಣ ಸ್ಟೇಷನ್ನುಗಳಲ್ಲಿ ಎಲ್ಲಾ ಬಾಗಿಲೂ ತೆಗೆಯಲ್ಲ, ಕಂಡಕ್ಟರ್ ಒಂದು ಬಾಗಿಲಲ್ಲಿ ಇಳಿದು ಹಳದಿ ಸ್ಟೂಲ್ ಇಟ್ಟು ಕೈ ಹಿಡಿದು ಇಳಿಸ್ತಾರೆ, ಯಾವ ಬೋಗಿ ಕಡೆ ಹೋಗ್ಬೇಕು ಅಂತ ಮುಂಚೇನೇ ಕೇಳಿಟ್ಕೊಳ್ಳಿ, ಮಂಡಿ ನೋವಿರೋ ಹಿರಿಯರಿದ್ರೆ ಹತ್ತುವಾಗ್ಲೇ ಹೇಳ್ಬಿಡಿ. ಕೆಫೆ ಕಾರಲ್ಲಿ ಸಸ್ಯಾಹಾರಿಗಳಿಗೆ ಚೀಸ್ ಪಿಜ್ಜಾ, ಚಿಪ್ಸ್ ಅಂಥದ್ದೇ. ಪುಳಿಯೋಗರೆ, ಚಪಾತಿ ಪಲ್ಯ ಕಟ್ಕೊಂಡು ಹೋಗಿ, ನಿಮ್ಮ ಸೀಟಲ್ಲಿ ಕೂತು ನಿಮ್ಮ ಡಬ್ಬಿ ಬಿಚ್ಚಿದ್ರೆ ಯಾರೂ ಏನೂ ಅನ್ನಲ್ಲ.

ಮಧ್ಯೆ ಎರಡು ಗಂಟೆ ಟೈಮ್ ಸಿಕ್ಕಿದ್ರೆ ಯೂನಿಯನ್ ಸ್ಟೇಷನಲ್ಲಿ ಸುಮ್ನೆ ಕೂರ್ಬೇಡಿ. 1925ರ ಗ್ರೇಟ್ ಹಾಲ್ ಒಂದು ಸುತ್ತು ನೋಡಿ, ಆಡಮ್ಸ್ ಸ್ಟ್ರೀಟ್ ಹಿಡಿದು ನೇರ ಪೂರ್ವಕ್ಕೆ ಇಪ್ಪತ್ತು ನಿಮಿಷ ನಡೆದ್ರೆ ಆರ್ಟ್ ಇನ್‌ಸ್ಟಿಟ್ಯೂಟ್, 1893ರಲ್ಲಿ ವಿವೇಕಾನಂದರು ಮಾತಾಡಿದ ಕಟ್ಟಡ. ರೂಟ್ 66 ಶುರು ಅನ್ನೋ ಬೋರ್ಡೂ ಅಲ್ಲೇ ಆಡಮ್ಸ್ ಸ್ಟ್ರೀಟಲ್ಲೇ ಇದೆ.

ಪಿಯೋರಿಯಾ, ರಾಕ್‌ಫರ್ಡ್, ಮೊಲೀನ್, ಗಲೀನಾ ಅಂತ ಕೇಳೋರಿಗೆ, ಸದ್ಯಕ್ಕೆ ಅಲ್ಲಿಗೆಲ್ಲ ರೈಲಿಲ್ಲ. ರಾಕ್‌ಫರ್ಡ್‌ಗೆ ಮೆಟ್ರಾ ಓಡಿಸ್ತೀವಿ ಅಂತ ರಾಜ್ಯದವರು ಹೇಳಿದಾರೆ. ಬರೋವರೆಗೂ ಗಲೀನಾಗೆ ಕಾರೇ ಗತಿ, ಅಕ್ಟೋಬರಲ್ಲಿ ಎಲೆ ಬಣ್ಣ ತಿರುಗಿದಾಗ ಹೋಗಿ.